ಕಿವಿಗೂ ತಾಲೀಮು ಬೇಕು

ಹೊರದೇಶಕ್ಕ ಹೋಗಬೇಕಂತ ಐಇಎಲ್‌ಟಿಎಸ್ ಪರೀಕ್ಷೆ ಕಟ್ಟೂ ಮಕ್ಕಳು ಈಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡಿನೂ ಅದಾರ. ಫೀಸು ೧೫ ಸಾವಿರ ದಾಟೈತಿ. ಭತ್ತ ಮಾರಿದ ರೊಕ್ಕದಾಗ ಕಟ್ಟೂ ಫೀಸದು. ಹಂಗಿದ್ರೂ ಲಿಸನಿಂಗ್ ಅಂದ್ರ, ‘ಬರೇ ಕೇಳೂದಲ್ಲೇನು, ಅದೇನ್ ಮಹಾ’ ಅಂತ ಮನ್ಯಾಗ ಎಲ್ಲಾರೂ ಹಗುರ ಮಾಡ್ತಾರ. ನನಗ ಹಂಗ ಅನಸೂದಿಲ್ಲ. ಕೋಚಿಂಗ್‌ನವರು ಹೇಳೂ ಹತ್ತು ಉಪಾಯಕ್ಕಿಂತ, ಮನ್ಯಾಗ ದಿನಾ ಅರ್ಧ ತಾಸು ಕೇಳೂ ರೂಢಿ ದೊಡ್ಡದು.

ಮೊದಲ ಪರೀಕ್ಷೆ ಹೆಂಗೈತಿ ನೋಡ್ರಿ. ನಾಕು ಭಾಗ, ೪೦ ಪ್ರಶ್ನೆ, ಸುಮಾರು ೩೦ ನಿಮಿಷದ ರೆಕಾರ್ಡಿಂಗ್. ಮೊದಲನೇದು ದಿನಬಳಕೆ ಮಾತುಕತೆ, ಕಡೀದು ಕಾಲೇಜಿನ ಪಾಠ. ಹೋಗಹೋಗತಾ ಬಿಗಿ ಆಗ್ತೈತಿ. ಸುಮಾರು ೩೦ ಉತ್ತರ ಸರಿ ಆದ್ರ ೭ ಬ್ಯಾಂಡ್. ಬ್ರಿಟನ್ನಿನ್ಯಾಗ ನರ್ಸ್ ಆಗಾಕ ಲಿಸನಿಂಗ್‌ನ್ಯಾಗ ಅಷ್ಟು ಬೇಕ. ರೆಕಾರ್ಡಿಂಗ್ ಹಾಕೂದು ಒಂದ ಸಲ. ಮಸ್ಕಿ ಬಂಡಿ ಮ್ಯಾಲಿನ ಅಶೋಕನ ಶಾಸನ ಬೇಕಾದಾಗ ಹೋಗಿ ನೋಡಬಹುದು, ಕಿವಿ ದಾಟಿದ ಮಾತು ತಿರುಗಿ ಸಿಗೂದಿಲ್ಲ.

ಹಂಗಾರ ಮಾಡೂದೇನು? ಲಿಂಗಸುಗೂರು ಬಸ್‌ ಸ್ಟ್ಯಾಂಡಿನ್ಯಾಗ ನಮ್ಮ ಅವ್ವಂದಿರು ಮಾಡೂದ ಮಾಡೂದು. ಅಷ್ಟು ಗದ್ದಲದಾಗೂ ‘ಮಸ್ಕಿ, ಸಿಂಧನೂರ’ ಅಂತ ಕೂಗಿದ್ದು ಅವರಿಗೆ ಥಟ್ಟನ ಕೇಳತೈತಿ. ಯಾಕಂದ್ರ ಯಾವ ಮಾತಿಗೆ ಕಾಯ್ಬೇಕು ಅನ್ನೂದು ಅವರಿಗೆ ಮೊದಲ ಗೊತ್ತಿರತೈತಿ. ಪರೀಕ್ಷೆಯಾಗೂ ರೆಕಾರ್ಡಿಂಗ್ ಶುರು ಆಗೂಕಿಂತ ಮೊದಲ ಪ್ರಶ್ನೆ ಓದಾಕ ಹೊತ್ತು ಕೊಡ್ತಾರ. ಆ ಖಾಲಿ ಜಾಗಕ್ಕ ಬರೂದು ಊರಿನ ಹೆಸರೋ, ರೊಕ್ಕವೋ, ವಾರವೋ ಅಂತ ಆವಾಗ ಊಹೆ ಮಾಡಿಟ್ಕೋಬೇಕು. ಒಂದು ಭಾಗದೊಳಗ ಉತ್ತರ ಸಾಮಾನ್ಯವಾಗಿ ಪ್ರಶ್ನೆಗಳ ಸಾಲಿನಂಗನ ಬರ್ತಾವ. ಒಂದು ತಪ್ಪಿತೇನು, ಬಿಟ್ಟು ಮುಂದ ಹೋಗ್ರಿ. ಅದಕ್ಕ ಅಳಕೋತ ಕುಂತ್ರ ಮತ್ತ ಮೂರು ಹೋಗ್ತಾವ. ತಪ್ಪಿಗೆ ಅಂಕ ಕಳೆಯೂದಿಲ್ಲ, ಹಂಗಾಗಿ ಖಾಲಿ ಬಿಡಬ್ಯಾಡ್ರಿ.

ಮೊದಲ ಕೇಳಿದ್ದ ಉತ್ತರ ಅಂತ ಬರದುಬಿಡಬಾರದು. ‘ಗುರುವಾರ ಬರ್ತೀನಿ, ಅಲ್ಲಲ್ಲ, ಶುಕ್ರವಾರ’ ಅಂತ ಮಾತಾಡವರು ಅಲ್ಲೇ ತಿದ್ದಿಕೊಳ್ತಾರ. ಸಂತ್ಯಾಗ ಮೊದಲ ಹೇಳಿದ ರೇಟಿಗೆ ಯಾರು ಕೊಳ್ತಾರ? ಕಡೀ ಮಾತಿನ ತನಕ ಕಿವಿ ಇಡಬೇಕು.

ನಮ್ಮ ಕನ್ನಡದ ಕಿವಿಗೆ ಇನ್ನೊಂದು ತೊಡಕೈತಿ. ನಾವು ಬಸ್ ಅನ್ನೂದಿಲ್ಲ, ‘ಬಸ್ಸು’ ಅಂತೀವಿ. ಬುಕ್‌ಗೆ ‘ಬುಕ್ಕು’ ಅಂತೀವಿ. ಪದದ ಕೊನಿಗೆ ಒಂದು ಸ್ವರ ಹಚ್ಚಿ ಹೇಳೂದು, ಕೇಳೂದು ನಮ್ಮ ರೂಢಿ. ಇಂಗ್ಲಿಷಿನವರು ಪದದ ಬಾಲಕ್ಕ ಇಡೂ ‘ಸ್’, ‘ಟ್’, ‘ಡ್’ ನಮಗ ಜಾರಿ ಹೋಗ್ತಾವ. ‘ಬುಕ್ಸ್’ ಬೇಕಾದಲ್ಲಿ ‘ಬುಕ್’ ಬರದ್ರ ಅಂಕ ಹೋತು. ‘ಥರ್ಟಿ’, ‘ಥರ್ಟೀನ್’ ನಡುವಿನ ಫರಕೂ ಹಂಗ. ಸ್ಪೆಲಿಂಗ್ ತಪ್ಪಿದ್ರೂ ಅಂಕ ಇಲ್ಲ. ಎರಡು ಪದದೊಳಗ ಬರೀರಿ ಅಂದಲ್ಲಿ ಮೂರು ಬರದ್ರೂ ಇಲ್ಲ.

ಇದಕ್ಕ ಮದ್ದು ಬರದು ಕಲಿಯೂದು. ಬಿಬಿಸಿಯವರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ನೆಟ್ಟಿನ್ಯಾಗ ಪುಕ್ಕಟೆ ಸಿಗತೈತಿ, ಅದರ ಬರಹನೂ ಇರತೈತಿ. ಮೊದಲ ಬರಹ ನೋಡದ ಒಮ್ಮೆ ಕೇಳಿ, ತಿಳಿದಷ್ಟು ಬರೀಬೇಕು. ಆಮ್ಯಾಲ ಬರಹ ನೋಡಿ, ಯಾವ ಬಾಲ ಜಾರಿತು ಅಂತ ಗುರುತು ಹಾಕಬೇಕು. ಬರೇ ಕೇಳಕೋತ ಇದ್ರ ನಿದ್ದಿ ಬರತೈತಿ, ಇಂಗ್ಲಿಷ್ ಬರೂದಿಲ್ಲ.

ಕಿವಿಲೆ ಭಾಷೆ ಕಲಿಯೂದು ನಮ್ಮೂರಿಗೆ ಹೊಸಾದೇನಲ್ಲ. ಸಿಂಧನೂರು ಬಜಾರದಾಗ ಕನ್ನಡ, ತೆಲುಗು, ಉರ್ದು ಕೇಳತಾವ, ಕ್ಯಾಂಪಿನವರ ಬಂಗಾಲಿನೂ ಕೇಳತೈತಿ. ವ್ಯಾಕರಣದ ಪುಸ್ತಕ ಹಿಡದು ಯಾರೂ ಅವನ್ನ ಕಲ್ತಿಲ್ಲ. ಇಂಗ್ಲಿಷ್ ಒಂದನ್ನ ನಾವು ಕಣ್ಣಿಲೆ ಕಲ್ತೀವಿ, ಹಂಗಾಗಿ ಅದು ಕಿವಿಗೆ ಹತ್ತಿಲ್ಲ.

ಯಕ್ಕಾರ, ಕಡೀ ಮಾತು ನಿಮಗ. ಮಗ ಹೆಡ್‌ಫೋನ್ ಹಾಕ್ಕೊಂಡು ಕುಂತ್ರ, ‘ಓದಾಕತ್ಯಾನ, ಗದ್ದಲ ಮಾಡಬ್ಯಾಡ್ರಿ’ ಅಂತೀವಿ. ಮಗಳು ಕುಂತ್ರ, ‘ಹಾಲು ಉಕ್ಕತಾವ ನೋಡ, ಬಾಗಲಾ ಬಡದ್ರು ನೋಡ’ ಅಂತೀವಿ. ಅರ್ಧ ತಾಸಿನ್ಯಾಗ ನಾಕು ಸಲ ಎದ್ದಾಕಿಗೆ ಗಮನ ಎಲ್ಲಿಂದ ಬರಬೇಕು? ಕೋಚಿಂಗಿಗೆ ಸಾವಿರಗಟ್ಟಲೆ ಕೊಡೂ ಮನಿ, ಅಕಿಗೆ ದಿನಾ ಅರ್ಧ ತಾಸು ಕೊಡಲಿ. ಅಲ್ಲೀತನ ಹಾಲು ನಾವ ನೋಡೂಣು.