ಐದು ವಾರಕ್ಕೊಂದು ಕಾರು ಬೇಕಾದಾಗ

ಕಾರು ಕೊಳ್ಳುವುದು ಹೇಗೆ ಅಂತ ಹೇಳಿಕೊಡೋಕೆ ಬೇಕಾದಷ್ಟು ಜನ ಸಿಗ್ತಾರೆ. ಒಂದು ದಿನದ ಮಟ್ಟಿಗೆ ಬಾಡಿಗೆ ಗಾಡಿ ಮಾಡೋದೂ ಎಲ್ಲರಿಗೂ ಗೊತ್ತು. ಪೇಚಾಟ ಶುರುವಾಗೋದು ಇವೆರಡರ ನಡುವೆ. ಮೂರು ವಾರ, ಐದು ವಾರ, ಎರಡು ತಿಂಗಳು ಮಾತ್ರ ಗಾಡಿ ಬೇಕು, ಆಮೇಲೆ ಬೇಡ. ಮನೆಯಲ್ಲಿ ಮದುವೆ, ಮಗಳ ಬಾಣಂತನ, ರಜೆಗೆ ಅಂತ ವಿದೇಶದಿಂದ ಬಂದ ಅಕ್ಕ-ಭಾವ, ದಿನವೂ ಆಸ್ಪತ್ರೆಗೆ ಓಡಾಟ. ಇಂಥ ಹೊತ್ತಿಗೆ ಅಗ್ಗದ ದಾರಿ ಯಾವುದು ಅಂತ ಕೇಳಿದರೆ ಹತ್ತು ಜನ ಹತ್ತು ಮಾತು ಹೇಳ್ತಾರೆ. ಹಾಳೆ ಪೆನ್ನು ತಗೊಂಡು ಕೂತು ಲೆಕ್ಕ ಹಾಕುವವರು ಕಡಿಮೆ. ಈ ಸಲದ ಅಂಕಣ ಆ ಲೆಕ್ಕಕ್ಕೇ ಮೀಸಲು.

ಕಳೆದ ವರ್ಷ ಈ ಪ್ರಶ್ನೆ ನಮ್ಮ ಮನೆಗೇ ಬಂತು. ನಮ್ಮದು ಅಥಣಿ ತಾಲ್ಲೂಕಿನ ಸತ್ತಿ, ಕೃಷ್ಣಾ ನದಿ ದಂಡೆಯ ಊರು. ಅವ್ವನಿಗೆ ಎದೆಯ ಗಡ್ಡೆಯ ಆಪರೇಷನ್ ಆಗಿತ್ತು. ಅದಾದ ಮೇಲೆ 25 ಸಲ ರೇಡಿಯೇಷನ್ ಕೊಡಬೇಕು ಅಂದರು ಡಾಕ್ಟರು. ಸೋಮವಾರದಿಂದ ಶುಕ್ರವಾರ, ಐದು ವಾರ, ಒಂದು ದಿನವೂ ತಪ್ಪಿಸುವಂತಿಲ್ಲ. ಜಾಗ ಮೀರಜ್. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಬೆಳಗಾವಿಗಿಂತ ಮೀರಜೇ ಹತ್ತಿರ. ಹೋಗಿ ಬರೋದಕ್ಕೆ ಸುಮಾರು 150 ಕಿಲೋಮೀಟರು. ಮನೆಯಲ್ಲಿ ಇರೋದು ಅಪ್ಪನ ಬೈಕು ಒಂದೇ. ನನ್ನ ಬೆಂಗಳೂರಿನ ಆಫೀಸು ಐದು ವಾರ ಊರಿಂದಲೇ ಕೆಲಸ ಮಾಡಲು ಒಪ್ಪಿತು. ಉಳಿದದ್ದು ಗಾಡಿಯ ವ್ಯವಸ್ಥೆ.

ಬಸ್ಸು ಯಾಕಿಲ್ಲ ಅಂತ ಕೇಳಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ನಿಜ. ಆದರೆ ಅದು ನಮ್ಮ ರಾಜ್ಯದೊಳಗೆ. ಮೀರಜ್ ಮಹಾರಾಷ್ಟ್ರದ್ದು. ದುಡ್ಡಿನ ಮಾತು ಬಿಟ್ಟರೂ, ಹೊಲಿಗೆ ಈಗಷ್ಟೇ ಮಾಯ್ದ ಹೆಂಗಸು ಅಥಣಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ಅಲ್ಲಿಂದ ರಿಕ್ಷಾ ಹಿಡಿದು, ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರೋದು, ಅದೂ 25 ಸಲ. ಆಗದ ಮಾತು.

ಮೊದಲು ಕೇಳಬೇಕಾದ ಪ್ರಶ್ನೆ

ಗಾಡಿ ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳ್ತಾರೆ. ಗಾಡಿ ಎಷ್ಟು ದಿನ ಓಡುತ್ತೆ ಅಂತ ಕೇಳಬೇಕು. ನಮ್ಮ ಲೆಕ್ಕದಲ್ಲಿ ಬೇಕಾದ ದಿನ 35, ಓಡುವ ದಿನ 25, ಒಟ್ಟು ಓಟ 3,750 ಕಿಲೋಮೀಟರು. ಗಾಡಿ ಲೀಟರಿಗೆ 15 ಕೊಟ್ಟರೆ 250 ಲೀಟರ್ ಪೆಟ್ರೋಲು. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ 25,000. ಯಾರ ಗಾಡಿ ಆದರೂ ಈ 25,000 ತಪ್ಪಿದ್ದಲ್ಲ. ಉಳಿದದ್ದೆಲ್ಲ ನಿಂತ ದಿನಗಳಿಗೆ ಯಾರು ದುಡ್ಡು ಕೊಡ್ತಾರೆ ಅನ್ನೋದರ ಮೇಲೆ ನಿಂತಿದೆ.

ನಮ್ಮ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಎಕರೆ ಇದ್ದವನು ಟ್ರ್ಯಾಕ್ಟರ್ ಕೊಳ್ಳೋದಿಲ್ಲ. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕರೀತಾನೆ, ಕೆಲಸ ಮುಗಿದ ತಕ್ಷಣ ಕಳಿಸ್ತಾನೆ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ನಡೆಯೋದೂ ಇದೇ ಲೆಕ್ಕದಲ್ಲಿ. ಟ್ರ್ಯಾಕ್ಟರ್ ವಿಷಯದಲ್ಲಿ ಇಷ್ಟು ಜಾಣರಾದ ನಾವು ಕಾರು ಅಂದ ಕೂಡಲೇ ಅಂಗಳದಲ್ಲಿ ಒಂದು ನಿಂತಿರಲಿ ಅಂತ ಆಸೆ ಪಡ್ತೀವಿ.

ದಾರಿ ಒಂದು: ಸೆಲ್ಫ್ ಡ್ರೈವ್

ಬೆಂಗಳೂರಿನಲ್ಲಿ ವಿಚಾರಿಸಿದೆ. ಚಿಕ್ಕ ಕಾರಿಗೆ ಐದು ವಾರಕ್ಕೆ 45,000, ಮೇಲೆ ಡಿಪಾಸಿಟ್ಟು. ಊರಿಗೆ ತಂದು ಮತ್ತೆ ಬಿಟ್ಟು ಬರೋದಕ್ಕೆ ಸುಮಾರು 1,200 ಕಿಲೋಮೀಟರು, ಅದರ ಪೆಟ್ರೋಲು 8,000. ಮೀರಜ್ ಓಡಾಟದ 25,000 ಸೇರಿಸಿದರೆ 78,000. ಕಿಲೋಮೀಟರ್ ಮಿತಿ ದಾಟಿದರೆ ಬೇರೆ.

ಹತ್ತಿರದ ಊರಲ್ಲೇ ಇಂಥ ಗಾಡಿ ಯಾಕೆ ಸಿಗಲ್ಲ ಅನ್ನೋದಕ್ಕೂ ಕಾರಣ ಇದೆ. ಚಾಲಕನಿಲ್ಲದೆ ಕಾರು ಬಾಡಿಗೆ ಕೊಡೋದು 1989ರ ರೆಂಟ್ ಎ ಕ್ಯಾಬ್ ಸ್ಕೀಮ್ ಅಡಿ ಬರುತ್ತೆ. ಅದರ ಲೈಸೆನ್ಸಿಗೆ ಕನಿಷ್ಠ 50 ಕ್ಯಾಬ್ ಇರಬೇಕು. ಅಥಣಿಯಂಥ ಊರಲ್ಲಿ 50 ಗಾಡಿ ನಿಲ್ಲಿಸಿಕೊಂಡು ವ್ಯವಹಾರ ಗಿಟ್ಟೋದು ಕಷ್ಟ. ಕಾನೂನಿನ ಪ್ರಕಾರ ಇಂಥ ಗಾಡಿಗಳಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುತ್ತೆ. ಬಿಳಿ ಬೋರ್ಡಿನ ಗಾಡಿ ತೋರಿಸಿ ಸೆಲ್ಫ್ ಡ್ರೈವ್ ಅಂದರೆ ಅಲ್ಲೇ ನಿಂತು ಯೋಚಿಸಿ.

ಇನ್ನೊಂದು ಮಾತು ಲೆಕ್ಕದ ಹಾಳೆಯಲ್ಲಿ ಬರಲ್ಲ. ಸ್ಟಿಯರಿಂಗ್ ನಾನು ಹಿಡಿದರೆ ಹಿಂದೆ ಅವ್ವನ ಪಕ್ಕ ಕೂರೋರು ಯಾರು? ದಾರಿಯಲ್ಲಿ ಹೊಟ್ಟೆ ತೊಳಸಿದರೆ ನೀರು ಕೊಡೋರು ಯಾರು?

ದಾರಿ ಎರಡು: ಹಳೇ ಕಾರು ಕೊಂಡು ಮಾರೋದು

ನನ್ನ ಸ್ನೇಹಿತರಲ್ಲಿ ಅರ್ಧ ಜನ ಇದನ್ನೇ ಹೇಳಿದರು. 2,40,000ಕ್ಕೆ ಒಂದು ಹಳೇ ಗಾಡಿ ತಗೋ, ಐದು ವಾರ ಓಡಿಸು, 2,10,000ಕ್ಕೆ ಮಾರು, ಹೋಗೋದು ಬರೀ 30,000 ಅಂತ. ಕೇಳೋಕೆ ಚೆಂದ. ಆದರೆ ಹೆಸರು ವರ್ಗಾವಣೆ, ಇನ್ಶೂರೆನ್ಸ್ ಅಂತ 7,000, ಬ್ಯಾಟರಿ-ಟೈರು-ಸರ್ವಿಸ್ ಅಂತ 8,000, ಪೆಟ್ರೋಲಿನ 25,000 ಸೇರಿದರೆ 70,000 ಆಯ್ತು. ಅದೂ ಹೇಳಿದ ಬೆಲೆಗೆ, ಹೇಳಿದ ವಾರದಲ್ಲಿ ಮಾರಾಟ ಆದರೆ.

ಕಾಗದದ ಕೆಲಸ ಇಲ್ಲಿ ಹಗುರ ಅಲ್ಲ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಐದು ವಾರದಲ್ಲಿ ನಿಮ್ಮ ಹೆಸರಿಗೆ ಬಂದು, ಮತ್ತೊಬ್ಬರ ಹೆಸರಿಗೆ ಹೋಗಬೇಕು. ಹೆಸರು ಬದಲಾಗುವ ಮೊದಲು ಹೊಸಬರು ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವರ ಮೇಲೇ ಬರುತ್ತೆ. 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಅವ್ವನ ಚಿಕಿತ್ಸೆ ಮುಗಿದ ಮೇಲೂ ನನ್ನ ಹೆಸರಿನ ಗಾಡಿ ಯಾವುದೋ ರಸ್ತೆಯಲ್ಲಿ ಓಡುತ್ತಿರುತ್ತೆ ಅನ್ನೋ ಯೋಚನೆಯೇ ಸಾಕಾಯ್ತು. ವರ್ಷಗಟ್ಟಲೆ ಇಟ್ಟುಕೊಳ್ಳುವವರಿಗೆ ಹಳೇ ಕಾರು ಒಳ್ಳೇದು, ಐದು ವಾರಕ್ಕಲ್ಲ.

ದಾರಿ ಮೂರು: ಪಕ್ಕದ ಮನೆಯ ಬಿಳಿ ಬೋರ್ಡು

ಹಳ್ಳಿಯಲ್ಲಿ ಎಲ್ಲರೂ ಹಿಡಿಯೋದು ಈ ದಾರಿ. ನಮ್ಮ ಓಣಿಯ ಕಾಕಾ ಒಬ್ಬರು ತಾವಾಗೇ ಬಂದು ಹೇಳಿದರು, “ತಮ್ಮಾ, ನಮ್ಮ ಗಾಡಿ ಸುಮ್ನ ನಿಂತೈತಿ. ದಿನಕ್ಕ ಸಾವಿರ ಕೊಡು, ಎಣ್ಣಿ ನೀ ಹಾಕ್ಕೊ.” 25 ದಿನಕ್ಕೆ 25,000, ಪೆಟ್ರೋಲು 25,000, ಒಟ್ಟು 50,000. ಹಾಳೆಯ ಮೇಲೆ ಇದು ಅಗ್ಗವಾಗಿಯೇ ಕಾಣಿಸ್ತು.

ತೊಂದರೆ ಇರೋದು ಆ ಸಾವಿರ ರೂಪಾಯಿಯಲ್ಲಿ. ಖಾಸಗಿ ಕಾರಿನ ಇನ್ಶೂರೆನ್ಸ್ ಬಾಡಿಗೆಗೆ ಓಡುವಾಗ ಅನ್ವಯ ಆಗಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತೆ. ಎದುರಿನವರಿಗೆ ಏನಾದರೂ ಆಗಿ, ಕೋರ್ಟು ವಿಮಾ ಕಂಪನಿಯಿಂದ ಪರಿಹಾರ ಕೊಡಿಸಿದರೂ, ಆ ಹಣವನ್ನು ಮಾಲೀಕರಿಂದಲೇ ವಸೂಲಿ ಮಾಡಿಕೊಳ್ಳಿ ಅನ್ನಬಹುದು. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದ್ದಕ್ಕೆ 2019ರ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ನಮ್ಮ ಐದು ಸಾವಿರದ ಉಳಿತಾಯಕ್ಕೆ ಕಾಕಾ ಅವರ ಹೊಲ ಒತ್ತೆ ಇಟ್ಟ ಹಾಗೆ.

ಬಾಡಿಗೆ ಇಲ್ಲದೆ, ಮಾಲೀಕರ ಒಪ್ಪಿಗೆಯಿಂದ, ಲೈಸೆನ್ಸ್ ಇದ್ದವರು ಓಡಿಸಿದರೆ ಈ ತಕರಾರು ಇಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, “ರೊಕ್ಕ ಬ್ಯಾಡ ಬಿಡು. ರಾತ್ರಿ ಏನರ ಆದ್ರ ಬಾಗಿಲಾ ಬಡಿ.” ಆ ಒಂದು ಮಾತಿನಿಂದ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಳ್ಳುವ ಅಗತ್ಯವೇ ತಪ್ಪಿತು. ತುರ್ತಿಗೆ ಇರಲಿ ಅಂತ ತಾನೇ ನಾವು ಗಾಡಿ ಇಟ್ಟುಕೊಳ್ಳೋದು?

ದಾರಿ ನಾಲ್ಕು: ಹಳದಿ ಬೋರ್ಡು, ಒಟ್ಟಿಗೆ ಮಾತಾಡಿ

ಬಿಡಿಯಾಗಿ ಕೇಳಿದರೆ ಮೀರಜ್‌ಗೆ ಹೋಗಿ, ಕಾದು, ಬರೋದಕ್ಕೆ 2,800 ಅಂದರು. 25 ಸಲಕ್ಕೆ 70,000. ಅಥಣಿ ಕಡೆಯ ಒಬ್ಬ ಡ್ರೈವರ್ ಹತ್ತಿರ ಬೇರೆ ಥರ ಕೇಳಿದೆ.

“ಮಾಮಾ, ಐದ ವಾರ ಬಾಡಿಗಿ ಐತಿ, ಇಪ್ಪತ್ತೈದ ಟ್ರಿಪ್. ಹೊತ್ತು ಒಂದೇ, ದಾರಿ ಒಂದೇ. ಒಂದ ರೇಟ್ ಹೇಳ್ರಿ.”

“ಹಂಗಾದ್ರ 2,200 ಕೊಡ್ರಿ. ಕಾಯೂದಕ್ಕ ಬ್ಯಾರೆ ಕೇಳೂದಿಲ್ಲ.”

25 ಸಲಕ್ಕೆ 55,000. ಪೆಟ್ರೋಲು, ಡ್ರೈವರು, ರಿಪೇರಿ ಎಲ್ಲ ಅದರಲ್ಲೇ. ಅವರು ಯಾಕೆ ಇಳಿಸಿದರು ಅಂದರೆ ಅವರಿಗೂ ಹೆದರಿಕೆ ನಿಂತ ದಿನಗಳದ್ದೇ. ಐದು ವಾರದ ಖಾತ್ರಿ ಕೆಲಸ ಸಿಕ್ಕರೆ ಟ್ರಿಪ್ಪಿಗೆ 600 ಬಿಡೋದು ಅವರಿಗೂ ಲಾಭ. ಚೌಕಾಸಿ ಮಾಡುವಾಗ ಬರೀ ಕಮ್ಮಿ ಮಾಡ್ರಿ ಅನ್ನೋ ಬದಲು, ಎಷ್ಟು ದಿನ, ಎಷ್ಟೊತ್ತಿಗೆ ಅಂತ ಖಚಿತ ಹೇಳಿ ನೋಡಿ.

ಗಡಿ ದಾಟುವವರು ಒಂದು ವಿಷಯ ನೋಡಬೇಕು. ಗಾಡಿಗೆ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯಾ ಕೇಳಿ. ಇಲ್ಲದಿದ್ದರೆ ಕಾಗವಾಡ ದಾಟಿದ ಮೇಲೆ ಪರ್ಮಿಟ್ಟು, ಟ್ಯಾಕ್ಸು ಅಂತ ಕಾಯೋದಾಗುತ್ತೆ, ರೇಡಿಯೇಷನ್ ಹೊತ್ತು ಕಾಯಲ್ಲ. ಗಾಡಿಯ ನಂಬರು ಹಾಕಿದರೆ ಎಂಪರಿವಾಹನ್ ಆ್ಯಪಿನಲ್ಲಿ ಇನ್ಶೂರೆನ್ಸು, ಫಿಟ್ನೆಸ್ ಎರಡೂ ಕಾಣಿಸುತ್ತೆ. ಎರಡು ನಿಮಿಷದ ಕೆಲಸ.

ದಾರಿ ಐದು: ಗಾಡಿಯ ಅಗತ್ಯವನ್ನೇ ಕಡಿಮೆ ಮಾಡೋದು

ಮೀರಜಿನಲ್ಲೇ ಒಂದು ಖೋಲಿ ಹಿಡಿದರೆ? ವಾರಕ್ಕೆ 2,000ದಂತೆ ಐದು ವಾರಕ್ಕೆ 10,000. ದಿನದ ರಿಕ್ಷಾ 150ರಂತೆ 3,750. ಸೋಮವಾರ ಬಿಡೋದಕ್ಕೆ 1,800, ಶುಕ್ರವಾರ ಕರೆತರೋದಕ್ಕೆ 1,800, ಐದು ವಾರಕ್ಕೆ 18,000. ಒಟ್ಟು 31,750. ಬೇರೆಲ್ಲಕ್ಕಿಂತ ಕಡಿಮೆ.

ಅವ್ವ ಒಪ್ಪಲಿಲ್ಲ. “ಅಲ್ಲಿ ನಾಕ ಗ್ವಾಡಿ ನೋಡ್ಕೋತ ಕುಂದ್ರಲ್ಯಾ? ಎಮ್ಮಿ ಯಾರ ನೋಡ್ತಾರ? ನನ್ನ ಕೈ ಬಿಟ್ರ ಅದು ಹಾಲs ಕೊಡೂದಿಲ್ಲ.” ಅಗ್ಗದ ಲೆಕ್ಕ ಹಾಕುವಾಗ ಸೀಟಿನಲ್ಲಿ ಕೂರೋರನ್ನು ಕೇಳದೇ ಹಾಕಿದರೆ ಅದು ಲೆಕ್ಕವೇ ಅಲ್ಲ. ಡಾಕ್ಟರ್ ಹತ್ತಿರ ವಿಚಾರಿಸಿದಾಗ, ಮೊದಲ ಎರಡು ವಾರ ಅಷ್ಟು ಸುಸ್ತು ಇರಲ್ಲ, ಮೂರನೇ ವಾರದಿಂದ ದಣಿವು ಹೆಚ್ಚಾಗುತ್ತಾ ಹೋಗುತ್ತೆ ಅಂದರು. ದಾರಿ ಅಲ್ಲಿ ಸಿಕ್ತು. ಎರಡು ವಾರ ದಿನಾ ಹೋಗಿ ಬರೋದು, ಮೂರು ವಾರ ಖೋಲಿ. ಎಮ್ಮೆ ಜತೆ ಅಷ್ಟರಲ್ಲಿ ಅಪ್ಪ ರೂಢಿಯಾಗಬೇಕು ಅಂತ ಒಪ್ಪಂದ.

ಎರಡನೇ ವಾರ ಇನ್ನೊಂದು ಅನುಕೂಲ ಆಯ್ತು. ನಮ್ಮದೇ ಹೊತ್ತಿಗೆ ಬರುವ, ಅಥಣಿಯಿಂದ ಬರುವ ಒಬ್ಬ ಅಜ್ಜಿ ಮತ್ತು ಅವರ ಮಗ ಆಸ್ಪತ್ರೆಯಲ್ಲಿ ಪರಿಚಯ ಆದರು. ಡ್ರೈವರ್ ಮಾಮಾ ಒಪ್ಪಿದ ಮೇಲೆ ಒಂದೇ ಗಾಡಿಯಲ್ಲಿ ಹೊರಟೆವು. ಅವರ ದಾರಿ ಕಡಿಮೆ, ಹಾಗಾಗಿ ಅವರದು 800, ನಮ್ಮದು 1,400. ದುಡ್ಡಿಗಿಂತ ದೊಡ್ಡ ಲಾಭ ಅಂದರೆ ಹಿಂದಿನ ಸೀಟಿನಲ್ಲಿ ಇಬ್ಬರು ಮಾತಾಡೋಕೆ ಶುರು ಮಾಡಿದ್ದು. ನನ್ನ ಹತ್ತಿರ ಹೇಳದ ನೋವನ್ನೆಲ್ಲ ಅವ್ವ ಆ ಅಜ್ಜಿ ಹತ್ತಿರ ಹೇಳಿಕೊಂಡಳು.

ಕೊನೆಯ ಲೆಕ್ಕ ಹೀಗೆ ಬಂತು:

ಮೊದಲ ವಾರ, 5 ಟ್ರಿಪ್: 11,000
ಎರಡನೇ ವಾರ, ಹಂಚಿಕೊಂಡ 5 ಟ್ರಿಪ್: 7,000
ಮೂರು ವಾರದ ಖೋಲಿ: 6,000
ಮೂರು ವಾರದ ರಿಕ್ಷಾ: 2,250
ಮೂರು ವಾರ ಬಿಡೋದು, ಕರೆತರೋದು: 10,800
ಒಟ್ಟು: 37,050

ಪೂರ್ತಿ ಖೋಲಿಯಲ್ಲೇ ಇದ್ದಿದ್ದರೆ 5,300 ರೂಪಾಯಿ ಉಳೀತಿತ್ತು. ಆ ದುಡ್ಡಿಗೆ ಅವ್ವನಿಗೆ ಎರಡು ವಾರ ತನ್ನ ಮನೆ, ತನ್ನ ಒಲೆ, ತನ್ನ ಎಮ್ಮೆ ಸಿಕ್ತು. ಇದನ್ನು ನಾನು ಖರ್ಚಿನ ಕಾಲಮ್ಮಿಗೆ ಹಾಕಲ್ಲ.

ಹಂಚಿಕೊಳ್ಳೋದು ಬಡವರ ಕೆಲಸ ಅನ್ನೋರಿಗೆ ಒಂದು ಮಾತು. 1948ರಷ್ಟು ಹಿಂದೆಯೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಸ್ವಂತ ಕಾರು ಕೊಳ್ಳೋಕಾಗದ ಜನ ಸೇರಿ ಕಾರು ಹಂಚಿಕೊಳ್ಳುವ ಸಹಕಾರಿ ಸಂಘ ಕಟ್ಟಿದ್ದರು. ಸಹಕಾರಿ ಸಕ್ಕರೆ ಕಾರ್ಖಾನೆ, ಹಾಲಿನ ಡೈರಿ ಕಂಡ ನಮ್ಮ ಸೀಮೆಗೆ ಇದು ಹೊಸ ಮಾತೇನಲ್ಲ.

ನಿಮ್ಮ ಮನೆಯಲ್ಲಿ ಇಂಥ ಸಂದರ್ಭ ಬಂದರೆ ಇಷ್ಟು ಬರೆದುಕೊಳ್ಳಿ. ಗಾಡಿ ಓಡುವ ದಿನ ಎಷ್ಟು? ಒಟ್ಟು ಕಿಲೋಮೀಟರ್ ಎಷ್ಟು? ಓಡಿಸೋರು ಯಾರು, ಪಕ್ಕದಲ್ಲಿ ಕೂರೋರು ಯಾರು? ಏನಾದರೂ ಆದರೆ ಇನ್ಶೂರೆನ್ಸ್ ಯಾರ ಕೈ ಹಿಡಿಯುತ್ತೆ? ದಿನಾ ಓಡುವ ಅಗತ್ಯ ಇದ್ದು, ಓಡಿಸೋರೂ ಇದ್ದರೆ ತಿಂಗಳ ಬಾಡಿಗೆ ಗಾಡಿ ಗಿಟ್ಟಬಹುದು. ವಾರದಲ್ಲಿ ಮೂರು-ನಾಲ್ಕು ದಿನ ಓಡಿ ಉಳಿದ ದಿನ ನಿಲ್ಲೋದಾದರೆ ಡ್ರೈವರ್ ಸಮೇತ ಹಳದಿ ಬೋರ್ಡೇ ವಾಸಿ. ಆಸ್ಪತ್ರೆ ಕೆಲಸಕ್ಕಾದರೆ ಡಾಕ್ಟರ್ ಹತ್ತಿರ ಎಷ್ಟು ಸಲ ಬರಬೇಕು, ದಿನಾ ಒಂದೇ ಹೊತ್ತು ಕೊಡ್ತೀರಾ ಅಂತ ಮೊದಲೇ ಕೇಳಿ. ಕೆಲವು ರೋಗಿಗಳಿಗೆ ಈಗ ಮೂರೇ ವಾರದಲ್ಲಿ ರೇಡಿಯೇಷನ್ ಮುಗಿಸುವ ಪದ್ಧತಿಯೂ ಇದೆ. ಅದು ವೈದ್ಯರು ತೀರ್ಮಾನಿಸುವ ವಿಷಯ, ಆದರೆ ಕೇಳೋದಕ್ಕೆ ಸಂಕೋಚ ಬೇಡ. ಎಲ್ಲಕ್ಕಿಂತ ಮುಂಚೆ, ಯಾರಿಗಾಗಿ ಗಾಡಿ ಮಾಡ್ತಿದ್ದೀರೋ ಅವರನ್ನು ಕೂರಿಸಿಕೊಂಡು ಲೆಕ್ಕ ಹಾಕಿ.