ಅತ್ತೆಯ ಆಟಕ್ಕೆ ಶಾಲು ಯಾಕಿಲ್ಲ?

ಕಳೆದ ಮಳೆಗಾಲದಲ್ಲಿ ಉಡುಪಿಯಲ್ಲೊಂದು ತಾಳಮದ್ದಳೆಗೆ ಹೋಗಿದ್ದೆ. ಪ್ರಸಂಗ ವಾಲಿಮೋಕ್ಷ. ವಾಲಿ ಸಾಯುತ್ತಾನೆ ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಬಾಣ ನಾಟಿದ ಮೇಲೆ ಅವನು ರಾಮನನ್ನು ಏನೇನು ಕೇಳಿಯಾನು, ರಾಮ ಅದಕ್ಕೆ ಹೇಗೆ ಉತ್ತರ ಕೊಟ್ಟಾನು ಎಂದು ಕಿವಿ ನಿಮಿರಿಸಿಕೊಂಡು ಕೂತಿದ್ದೆವು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಅದನ್ನು ಹಿಡಿದು ಅಲ್ಲಿಯೇ, ಆಗಲೇ ಮಾತು ಕಟ್ಟುತ್ತಾರೆ. ಬರೆದು ತಂದು ಓದುವುದಿಲ್ಲ. ಕೊನೆಯಲ್ಲಿ ಹಿರಿಯ ಅರ್ಥಧಾರಿಯೊಬ್ಬರಿಗೆ ಶಾಲು ಹೊದೆಸಿ, ಹಣ್ಣುಹಂಪಲು ಕೊಟ್ಟು ಸನ್ಮಾನ ಮಾಡಿದರು. ನಾನೂ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ಪಕ್ಕದಲ್ಲಿ ಕೂತಿದ್ದ ಪರಿಚಯದ ಹೆಂಗಸು ಸೆರಗು ಸರಿಪಡಿಸಿಕೊಂಡು ಏಳುತ್ತಾ ಹೇಳಿದರು: "ನಮ್ಮ ಮೊಮ್ಮಗನದ್ದೇ ಒಂದು ತಲೆಬಿಸಿ ಟೀಚರೇ. ನಾಲ್ಕು ಹುಡುಗರನ್ನು ಸೇರಿಸಿಕೊಂಡು ಅದೆಂತದೋ ರಾಜ್ಯ, ರಾಕ್ಷಸ ಅಂತ ಇಡೀ ದಿನ ಮಾತಾಡುವುದು. ಓದುವ ಮಕ್ಕಳು ಮಾಡುವ ಕೆಲಸವಾ ಅದು?"

ಈಗಷ್ಟೇ ನಾಲ್ಕು ಗಂಟೆ ಕೂತು ನಾವು ಕೇಳಿದ್ದಾದರೂ ಎಂತದು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಲ್ಲಿ ಕೇಳದೆ ಬಿಟ್ಟದ್ದನ್ನು ಇಲ್ಲಿ ಕೇಳುತ್ತಿದ್ದೇನೆ.

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ಕಾಪುವಿನ ತವರಿಗೆ ಬಂದವಳು. ಐದನೇ ಕ್ಲಾಸು ಓದಿದ್ದಳು. ಏಪ್ರಿಲ್ ರಜೆಯಲ್ಲಿ ನಾವು ಆರು ಮಕ್ಕಳು ಆ ಮನೆಯಲ್ಲಿ ಸೇರುತ್ತಿದ್ದೆವು. ಮಕ್ಕಳ ಗಲಾಟೆ ತಡೆಯುವ ಕೆಲಸ ಅವಳದ್ದು. 1979ರ ರಜೆಯಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ದೀಪಸ್ತಂಭದ ಬೆಳಕು ತೆಂಗಿನ ತಲೆಗಳ ಮೇಲೆ ಬಂದು ಬಂದು ಹೋಗುತ್ತಿತ್ತು. 1901ರಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಸ್ತಂಭ ಅದು. ಅತ್ತೆ ಅದನ್ನೇ ನೋಡುತ್ತಾ ಹೇಳಿದಳು: "ನಾಳೆಯಿಂದ ಆ ಬೆಳಕು ಬರುವುದಿಲ್ಲ. ಯಾರೋ ಕದ್ದಿದ್ದಾರೆ. ಹುಡುಕಿ ತರುವವರು ಯಾರು?"

ಆಟ ಶುರುವಾದದ್ದು ಹಾಗೆ. ನಾಲ್ಕು ರಜೆ ನಡೆಯಿತು.

ಅದರ ಕ್ರಮವನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದನ್ನು "ಸುಮ್ಮನೆ ಹರಟೆ" ಎಂದವರಿಗೆ ನನ್ನ ಉತ್ತರ ಅದರಲ್ಲೇ ಉಂಟು. ಸಂಜೆ ಚಾವಡಿಯ ಕೆಂಪು ನೆಲದಲ್ಲಿ ಅತ್ತೆ ಸೀಮೆಸುಣ್ಣದಿಂದ ಹೊಳೆ, ಕಾಡು, ಕೋಟೆ ಬರೆಯುತ್ತಿದ್ದಳು. ಬೆಳಿಗ್ಗೆ ನೆಲ ಒರೆಸುವಾಗ ಅದು ಹೋಗುತ್ತಿತ್ತು. ಹಾಲಿನ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಮಾತ್ರ ಉಳಿಯುತ್ತಿತ್ತು. ನಮಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಅಣ್ಣ ಕಮ್ಮಾರ. ತಂಗಿ ದೋಣಿ ನಡೆಸುವವಳು. ನಾನು ರಾಜಕುಮಾರಿ ಆಗುತ್ತೇನೆ ಎಂದೆ. "ರಾಜಕುಮಾರಿಗೆ ಈ ಕಥೆಯಲ್ಲಿ ಕಾಯುತ್ತಾ ಕೂರುವುದು ಬಿಟ್ಟು ಬೇರೆ ಕೆಲಸ ಇಲ್ಲ. ನಿನಗೆ ಅದು ಸಾಕಾ?" ಎಂದಳು. ನಾನು ಮದ್ದು ಕೊಡುವ ಹೆಂಗಸಾದೆ. ಎಲ್ಲರಿಗೂ ಚೆನ್ನೆಮಣೆಯ ಹತ್ತು ಹತ್ತು ಮಂಜೊಟ್ಟಿ ಕಾಳು. ಅದು ನಮ್ಮ ಪ್ರಾಣ. ಪೆಟ್ಟು ತಿಂದರೆ ಕಾಳು ಕೊಡಬೇಕು.

ಇನ್ನು ಆರು ಕವಡೆ. ಹೊಳೆ ದಾಟಬೇಕಾದರೆ ಮೂರಾದರೂ ಬಾಯಿ ಮೇಲಾಗಿ ಬೀಳಬೇಕು. ಆದರೆ ಬರೇ "ದಾಟುತ್ತೇನೆ" ಎಂದರೆ ಅತ್ತೆ ಕವಡೆಯನ್ನೇ ಕೊಡುತ್ತಿರಲಿಲ್ಲ. ಹೇಗೆ ದಾಟುತ್ತಿ? ಹಗ್ಗ ಉಂಟಾ? ಆಚೆ ತುದಿ ಹಿಡಿಯುವವರು ಯಾರು? ಉತ್ತರ ಚೆನ್ನಾಗಿದ್ದರೆ ಎರಡೇ ಕವಡೆ ಸಾಕಾಗುತ್ತಿತ್ತು. ಆರಕ್ಕೆ ಆರೂ ಬೀಳುವುದು ತೀರಾ ಅಪರೂಪ. ಎರಡೂ ಮಗ್ಗುಲಿಗೆ ಸಮ ಅವಕಾಶ ಎಂದಿಟ್ಟುಕೊಂಡರೆ ಅದು 64ರಲ್ಲಿ ಒಂದು ಸಲ ಎಂದು ನಮ್ಮ ಶಾಲೆಯ ಗಣಿತದ ಮೇಷ್ಟ್ರು ಎಷ್ಟೋ ವರ್ಷಗಳ ಮೇಲೆ ನನಗೆ ಲೆಕ್ಕ ಹಾಕಿ ತೋರಿಸಿದರು. ಅತ್ತೆಗೆ ಆ ಲೆಕ್ಕ ಕೈಯಲ್ಲೇ ಇತ್ತು.

ಮೊದಲ ವರ್ಷ ಗಾಯಗೊಂಡ ವೈರಿ ಸೈನಿಕನೊಬ್ಬ ದಾರಿಯಲ್ಲಿ ಬಿದ್ದಿದ್ದ. ನನ್ನ ಹತ್ತಿರ ಒಂದೇ ಮದ್ದು. ಕಮ್ಮಾರ ಅಣ್ಣನಿಗೂ ಗಾಯ, ಎರಡೇ ಕಾಳು ಉಳಿದಿತ್ತು. ನಾನು ಅಳುತ್ತಾ ಮದ್ದನ್ನು ಸೈನಿಕನಿಗೆ ಕೊಟ್ಟೆ. ಅಣ್ಣ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅತ್ತೆ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡಳು. ಮರುವರ್ಷದ ರಜೆಯಲ್ಲಿ ಕೋಟೆಯ ಬಾಗಿಲು ಒಳಗಿನಿಂದ ತೆರೆಯಿತು. ತೆರೆದವನು ಅವನೇ. ಒಂದು ವರ್ಷದ ಹಿಂದೆ ಎಂಟು ವರ್ಷದ ಹುಡುಗಿ ಮಾಡಿದ್ದನ್ನು ಒಬ್ಬಳು ದೊಡ್ಡವಳು ನೆನಪಿಟ್ಟುಕೊಂಡಿದ್ದಳು! ನಾನು ಮಾಡಿದ್ದಕ್ಕೆ ಲೋಕದಲ್ಲೊಂದು ಲೆಕ್ಕ ಉಂಟು ಎಂದು ನನಗೆ ಗೊತ್ತಾದದ್ದು ಆವತ್ತು. ಯಾವ ನೀತಿಪಾಠದ ಪುಸ್ತಕವೂ ಅದನ್ನು ಹಾಗೆ ಹೇಳಿಕೊಟ್ಟಿಲ್ಲ. ಮೂವತ್ತು ವರ್ಷ ನೀತಿಪಾಠ ಮಾಡಿದವಳು ಹೇಳುತ್ತಿದ್ದೇನೆ.

ಎರಡನೇ ವರ್ಷ ಕಥೆ ಕಾರ್ಕಳಕ್ಕೆ ಹೋಯಿತು. 1432ರಲ್ಲಿ ನಿಲ್ಲಿಸಿದ ನಲವತ್ತೆರಡು ಅಡಿಯ ಗೊಮ್ಮಟನನ್ನು ನಾವು ಯಾರೂ ಆಗ ನೋಡಿರಲಿಲ್ಲ. "ಅವನು ಎಲ್ಲ ಬಿಟ್ಟು ನಿಂತವನು. ಅವನೆದುರು ಹೋಗುವವರು ತಮ್ಮ ಕೈಯಲ್ಲಿರುವ ಒಂದನ್ನು ಬಿಟ್ಟೇ ಹೋಗಬೇಕು" ಎಂದಳು ಅತ್ತೆ. ತಂಗಿ ತನ್ನ ದೋಣಿಯ ಹುಟ್ಟನ್ನು ಬಿಟ್ಟಳು. ಇಲ್ಲದ ಹುಟ್ಟಿಗಾಗಿ ರಾತ್ರಿಯಿಡೀ ಅತ್ತಳು. ಮುಂದೆ ಕಾರ್ಕಳ ತಾಲೂಕಿನ ಶಾಲೆಯೊಂದರಲ್ಲಿ ನನಗೆ ಕೆಲಸವಾಗಿ, ಮೊದಲ ಸಲ ಆ ಬೆಟ್ಟ ಹತ್ತಿದಾಗ ನನಗೆ ನೆನಪಾದದ್ದು ಆ ಹುಟ್ಟು.

ನಾಲ್ಕನೇ ರಜೆಯ ಮಧ್ಯದಲ್ಲಿ ದೊಡ್ಡವರು ಆಟ ನಿಲ್ಲಿಸಿದರು. ಬರುವ ವರ್ಷ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. "ಮಕ್ಕಳ ತಲೆ ಕೆಡಿಸಬೇಡ" ಎಂದು ಅತ್ತೆಗೆ ಹೇಳಿದರು. ಅವಳು ಕವಡೆಗಳನ್ನು ಡಬ್ಬಿಗೆ ಹಾಕಿ ಅಟ್ಟದಲ್ಲಿಟ್ಟಳು.

ಈಗ ಮಣಿಪಾಲದ ಮಾತಿಗೆ ಬರುತ್ತೇನೆ. ದೋಣಿ ನಡೆಸುತ್ತಿದ್ದ ಆ ತಂಗಿಯ ಮಗ ಅಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ಭಾನುವಾರ ಹಲಸಿನ ಹಪ್ಪಳ ಕೊಡಲು ಅವನ ರೂಮಿಗೆ ಹೋದೆ. ಐದು ಮಂದಿ ಹುಡುಗ ಹುಡುಗಿಯರು ನೆಲದಲ್ಲಿ ಕೂತಿದ್ದರು. ನಡುವೆ ಕಾಗದದ ನಕ್ಷೆ. ಇವನು ರಟ್ಟಿನ ಮರೆಯ ಹಿಂದೆ ಕೂತು ಏನೋ ಹೇಳುತ್ತಿದ್ದಾನೆ, ಉಳಿದವರು ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ. ಒಬ್ಬಳು ಇಪ್ಪತ್ತು ಮುಖದ ದಾಳ ಉರುಳಿಸಿದಳು. "ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ದೊಡ್ಡಮ್ಮ. ಆದರೆ ಲೋಕ, ಕಥೆ ಎಲ್ಲ ನಾನೇ ಮಾಡಿದ್ದು. ಹೋಂಬ್ರೂ ಅಂತಾರೆ" ಎಂದ. ಮನೆಯಲ್ಲೇ ಕಟ್ಟಿದ್ದು ಎಂದರ್ಥವಂತೆ. ನನಗೆ ಅರ್ಥ ಹೇಳಬೇಕಾಗಿರಲಿಲ್ಲ.

ಆ ಆಟದ ಚರಿತ್ರೆಯನ್ನು ಆಮೇಲೆ ಓದಿದೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದನ್ನು 1974ರಲ್ಲಿ ಅಚ್ಚು ಹಾಕಿಸಿದರು. ಮೊದಲಿಗೆ ಮಾಡಿದ್ದು ಸಾವಿರ ಪೆಟ್ಟಿಗೆ. ಗೈಗ್ಯಾಕ್ಸ್ ಚಪ್ಪಲಿ ರಿಪೇರಿ ಮಾಡಿ ಸಂಸಾರ ಸಾಗಿಸಿದ ದಿನಗಳೂ ಇದ್ದವು. 1980ರ ದಶಕದಲ್ಲಿ ಅಲ್ಲಿಯೂ ಈ ಆಟದಿಂದ ಮಕ್ಕಳು ಕೆಡುತ್ತಾರೆಂದು ದೊಡ್ಡ ಗುಲ್ಲೆದ್ದಿತ್ತು. ಇವತ್ತು ಅದು ಲೋಕಕ್ಕೆಲ್ಲ ಗೊತ್ತಿರುವ ಆಟ, ಅವರಿಬ್ಬರ ಹೆಸರು ಪುಸ್ತಕಗಳಲ್ಲಿ ಉಂಟು. ಒಳ್ಳೆಯದೇ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ನನ್ನ ಜಗಳ ನಮ್ಮ ಮೇಲೆ. ಗಂಡಸರು ಸಭೆಯಲ್ಲಿ ಕೂತು ಮಾಡಿದರೆ ಅದು ಕಲೆ, ಪರದೇಶದಿಂದ ಪೆಟ್ಟಿಗೆಯಲ್ಲಿ ಬಂದರೆ ಅದು ಬುದ್ಧಿವಂತರ ಆಟ, ಬೇಸಿಗೆ ಶಿಬಿರಕ್ಕೆ ದುಡ್ಡು ಕಟ್ಟಿ ಕಳಿಸಿದರೆ ಅದು ವ್ಯಕ್ತಿತ್ವ ವಿಕಸನ. ಮನೆಯ ಹೆಂಗಸೊಬ್ಬಳು ಮೊಣಕಾಲೂರಿ ನೆಲದ ಮೇಲೆ ಅದನ್ನೇ ಮಾಡಿದರೆ ಮಾತ್ರ ತಲೆ ಕೆಡಿಸುವ ಕೆಲಸ. ಇದೆಂಥ ನ್ಯಾಯ?

ಈಗ ಹಾಗಿಲ್ಲ ಎಂದು ನೀವು ಹೇಳಬಹುದು. ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದಲ್ಲಿ ಭಾಗವತರಾಗಿ ಹಾಡಿ ತೋರಿಸಿದರು. 2024ರಲ್ಲಿ ತೀರಿಕೊಂಡಾಗ ಕರಾವಳಿಯೇ ಅವರನ್ನು ನೆನೆಯಿತು. ಹೆಂಗಸರ ತಾಳಮದ್ದಳೆ ಕೂಟಗಳೂ ಇವೆ. ಸಂತೋಷ. ಆದರೆ ಅವರು ಚಾವಡಿ ಬಿಟ್ಟು ವೇದಿಕೆ ಹತ್ತಿದ ಮೇಲಲ್ಲವೇ ನಮ್ಮ ಕಣ್ಣಿಗೆ ಬಿದ್ದದ್ದು? ಚಾವಡಿಯಲ್ಲೇ ಉಳಿದವರ ಲೆಕ್ಕ ಇಟ್ಟವರು ಯಾರು?

ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಮುದ್ದಣನನ್ನೇ ನೋಡಿ. ಹೊಟ್ಟೆಪಾಡಿಗೆ ಉಡುಪಿಯಲ್ಲಿ ವ್ಯಾಯಾಮ ಮೇಷ್ಟ್ರು. ತಾನು ಬರೆದದ್ದನ್ನು ತನ್ನದೆನ್ನಲು ಅಂಜಿ, ಹಳೆಯ ಕಾಲದ ಕಾವ್ಯವೆಂದು ಹೇಳಿ ಅಚ್ಚಿಗೆ ಕಳಿಸಿದವನು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ಕ್ಷಯದಿಂದ ತೀರಿಹೋದ. ಅವನ ರಾಮಾಶ್ವಮೇಧದಲ್ಲಿ ನಮಗೆಲ್ಲ ಪ್ರಿಯವಾದದ್ದು ಯಾವುದು? ಕಥೆಯ ನಡುನಡುವೆ ಬಾಯಿ ಹಾಕುವ ಮನೋರಮೆ. ಅವಳು ಕೇಳುತ್ತಾಳೆ, ಆಕ್ಷೇಪಿಸುತ್ತಾಳೆ, ಬೇಜಾರಾದರೆ ಹೇಳಿಯೇ ಬಿಡುತ್ತಾಳೆ. ಮನೆಯೊಳಗೆ ಇಬ್ಬರು ಕೂತು ಕಟ್ಟಿದ ಕಥೆ ಕನ್ನಡದ ದೊಡ್ಡ ಗ್ರಂಥವಾಯಿತು. ಮಕ್ಕಳಿಗೆ ಆ ಸಲ್ಲಾಪವನ್ನು ಪಾಠ ಮಾಡಿ, ಹತ್ತು ಅಂಕದ ಪ್ರಶ್ನೆ ಕೊಟ್ಟು, ಅದೇ ಮಕ್ಕಳು ಕಥೆಗೆ ಬಾಯಿ ಹಾಕಿದರೆ "ಸುಮ್ಮನಿರು" ಎನ್ನುವವರು ನಾವು.

ನಾವು ಎಂದೆ. ನನ್ನನ್ನು ಹೊರಗಿಟ್ಟು ಈ ಮಾತು ಹೇಳುವ ಯೋಗ್ಯತೆ ನನಗಿಲ್ಲ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪಾಠದ ಹೊತ್ತಿನಲ್ಲಿ ಮೇಜಿನಡಿ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಳು. ಕಸಿದು ನೋಡಿದರೆ ದ್ವೀಪಗಳ ನಕ್ಷೆ, ಹೆಸರುಗಳ ಪಟ್ಟಿ, ದಾಳದ ಲೆಕ್ಕ. "ಎಂತ ಇದು?" "ಆಟ ಟೀಚರ್. ನಾನೇ ಮಾಡಿದ್ದು." ಇಡೀ ಕ್ಲಾಸು ನಕ್ಕಿತು. ನಾನು ತಡೆಯಲಿಲ್ಲ. ಪುಸ್ತಕವನ್ನು ಸ್ಟಾಫ್ ರೂಮಿನ ಕಪಾಟಿನಲ್ಲಿಟ್ಟೆ. ವರ್ಷದ ಕೊನೆಗೆ ಕರೆದು ಕೊಡಹೋದರೆ, "ಇರಲಿ ಟೀಚರ್, ಅದು ಮುಗಿಯಿತು" ಎಂದು ನಗುತ್ತಲೇ ಹೇಳಿ ಹೋದಳು. ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕಗಳೇ ಬಂದವು. ನಾನು ಗೆದ್ದೆ ಎನ್ನಬೇಕೇ?

ಈ ಆಟದಿಂದ ಅಂಕ ಹೆಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾಳೆಯೇ ಅದಕ್ಕೂ ಟ್ಯೂಷನ್ ಶುರುವಾದೀತು. ಪಾಠದ ಹೊತ್ತಿನಲ್ಲಿ ಪಾಠ ಆಗಬೇಕು, ಅದೂ ಸರಿ. ಆದರೆ ಮುಂದೇನೆಂದು ಯಾರಿಗೂ ಗೊತ್ತಿಲ್ಲದ, ಮಗು ತಾನೇ ಯೋಚಿಸಿ ಒಂದು ಹೆಜ್ಜೆ ಇಡಬೇಕಾದ, ಇಟ್ಟ ಹೆಜ್ಜೆಯ ಫಲವನ್ನು ತಾನೇ ಉಣ್ಣಬೇಕಾದ ಒಂದು ಗಂಟೆ ಅದರ ದಿನದಲ್ಲಿ ಎಲ್ಲಿದೆ, ಹೇಳಿ. ಮೊಬೈಲಿನ ಆಟದಲ್ಲಿ ದಾರಿಗಳನ್ನು ಯಾರೋ ಮೊದಲೇ ಹಾಕಿಟ್ಟಿರುತ್ತಾರೆ. ಮಗುವಿನ ಮುಖ ನೋಡಿ ಕಥೆ ತಿರುಗಿಸುವ ಅತ್ತೆ ಅದರೊಳಗಿಲ್ಲ.

ಮಣಿಪಾಲದಿಂದ ಬಂದ ರಾತ್ರಿ ತಂಗಿಗೆ ಫೋನು ಮಾಡಿದೆ. ಮಗ ಹಾಳು ಆಟದಲ್ಲಿ ಬಿದ್ದಿದ್ದಾನೆ, ಕಟ್ಟಿದ ಫೀಸು ನೀರುಪಾಲು ಎಂದು ಗೊಣಗಿದಳು. "ನಿನ್ನ ಹುಟ್ಟು ನೆನಪುಂಟಾ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಬಿಟ್ಟು ಬಂದದ್ದಲ್ವಾ ಅದು" ಎಂದಳು. "ಮಗನಿಗೆ ಹೇಳಿದ್ದೀಯಾ?" "ಎಂತ ಹೇಳುವುದು ಅಕ್ಕಾ, ಮಕ್ಕಳಾಟ."

ಆದ್ದರಿಂದ ಈ ಬರಹ ಓದುವ ಅಕ್ಕತಂಗಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಕಥೆ ಕಟ್ಟಿದ ಅಜ್ಜಿಯೋ ಅತ್ತೆಯೋ ಇನ್ನೂ ಇದ್ದರೆ, ನೂರು ಪುಟದ ಒಂದು ಪುಸ್ತಕ ಹಿಡಿದುಕೊಂಡು ಅವರ ಹತ್ತಿರ ಕೂತುಕೊಳ್ಳಿ. ಕಟ್ಟುವ ಮಗು ಇದ್ದರೆ ಅದರ ಪುಸ್ತಕ ಕಸಿಯಬೇಡಿ. ಶಾಲು ಹೊದೆಸದಿದ್ದರೂ ಚಿಂತೆಯಿಲ್ಲ.

ತಂಗಿಯ ಮಗ ಈ ಸಲದ ರಜೆಯಲ್ಲಿ ನಮ್ಮ ಮನೆಗೆ ಬಂದ. ಅತ್ತೆಯ ಆಟವನ್ನು ನೆನಪಿದ್ದಷ್ಟು ಹೇಳಿದೆ, ಅವನು ಬರೆದುಕೊಂಡ. ಎಲ್ಲ ಮುಗಿದ ಮೇಲೆ, "ಬೆಳಕು ಕದ್ದದ್ದು ಯಾರು ದೊಡ್ಡಮ್ಮ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅತ್ತೆ ಹೋದದ್ದು 1996ರಲ್ಲಿ. ಹದಿಮೂರನೇ ದಿನ ಕಳೆದ ಮೇಲೆ ಅವಳ ಟ್ರಂಕು ತೆರೆದು ಖಾಲಿ ಮಾಡುವಾಗ ಹಾಲಿನ ಲೆಕ್ಕದ ಪುಸ್ತಕಗಳನ್ನು ಬಚ್ಚಲ ಒಲೆಗೆ ಹಾಕಿದರು. ಒಲೆಯ ಹತ್ತಿರ ನಾನೂ ಇದ್ದೆ, ಒಂದು ಮಾತೂ ಆಡಲಿಲ್ಲ. ಅದನ್ನೂ ಬರೆದುಕೋ ಎಂದು ಅವನಿಗೆ ಹೇಳಿದೆ.