ಹೊಲದಲ್ಲಿ ಕೂಗಿದಾಕೆಗೆ ಪೋಸ್ಟರ್ ಇಲ್ಲ

ಕಡಿಮೆ ಬಜೆಟ್ಟಿನ ಕನ್ನಡ ಕ್ರೈಂ ಚಿತ್ರಗಳ ಬಗ್ಗೆ ತಕರಾರು ತೆಗೆದರೆ ಸಾಕು, ಒಂದು ಸಿದ್ಧ ಉತ್ತರ ಬರುತ್ತದೆ: ‘ದುಡ್ಡಿಲ್ಲ ಪಾಪ, ಇದ್ದುದರಲ್ಲಿ ಮಾಡಿದ್ದಾರೆ.’ ಕಥೆ ಯಾರದು ಎಂದು ಗೊತ್ತುಮಾಡಿಕೊಳ್ಳಲು ದುಡ್ಡು ಬೇಕೇ?

ಜೈಶಂಕರನ ವಿಷಯವನ್ನೇ ನೋಡಿ. ಸೇಲಂ ಜಿಲ್ಲೆಯ ಲಾರಿ ಚಾಲಕ, ಅತ್ಯಾಚಾರ ಮತ್ತು ಕೊಲೆಗಳ ಸರಣಿಯ ಆರೋಪಿ. 2011ರ ಮಾರ್ಚಿನಲ್ಲಿ ಪೊಲೀಸ್ ಕಾವಲಿನಿಂದ ತಪ್ಪಿಸಿಕೊಂಡ. ಕಾವಲಿಗಿದ್ದ ಪೇದೆಯೊಬ್ಬರು ಆ ಅವಮಾನ ತಾಳದೆ ಆತ್ಮಹತ್ಯೆ ಮಾಡಿಕೊಂಡರು. ಅವನು ಕರ್ನಾಟಕಕ್ಕೆ ಬಂದ, ಬಳ್ಳಾರಿ ಕಡೆ ಮತ್ತೆ ಹೆಂಗಸರ ಕೊಲೆಗಳಾದವು. ಎರಡು ರಾಜ್ಯಗಳ ಪೊಲೀಸರಿಗೆ ಬೇಕಾಗಿದ್ದ ಇವನು ಸಿಕ್ಕಿಬಿದ್ದದ್ದು ಮೇ ತಿಂಗಳಲ್ಲಿ, ಇಂಡಿ ಸೀಮೆಯ ಝಳಕಿ ಬಳಿಯ ಒಂದು ಹಳ್ಳಿಯಲ್ಲಿ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳ ಹತ್ತಿರ ನೀರು, ಊಟ ಕೇಳುತ್ತ ಬಂದ, ಮೈಮೇಲೆ ಬಿದ್ದ. ಆಕೆ ಕೂಗಿಕೊಂಡಳು. ಗಂಡ ಓಡಿಬಂದ, ಊರವರು ಬೆನ್ನಟ್ಟಿ ಹಿಡಿದು ಪೊಲೀಸರಿಗೆ ಒಪ್ಪಿಸಿದರು.

ಅಫಜಲಪುರದ ನಮಗೆ ಇಂಡಿ ಎಂದರೆ ಭೀಮೆಯ ಆಚೆಯ ನೆರೆ ತಾಲ್ಲೂಕು. ನಾನಾಗ ಹೈಸ್ಕೂಲಿನಲ್ಲಿದ್ದೆ. ಸುದ್ದಿ ನದಿ ದಾಟಿ ಬಂದಾಗ ಅದರ ಅರ್ಧ ಮಾತ್ರ ನಮ್ಮ ಮನೆ ಮುಟ್ಟಿತು. ‘ಹೊಲಕ್ಕ ಒಬ್ಬಾಕಿನೇ ಹೋಗಬ್ಯಾಡ’ ಎಂದರು ಅವ್ವ. ಅವನನ್ನು ಹಿಡಿಸಿಕೊಟ್ಟದ್ದೂ ಹೊಲದಲ್ಲಿದ್ದ ಒಬ್ಬ ಹೆಂಗಸೇ ಎಂದು ಯಾರೂ ಹೇಳಲಿಲ್ಲ. ಜೇವರ್ಗಿ, ಆಳಂದ ಕಡೆಯಿಂದ ಬಂದ ನನ್ನ ಹಾಸ್ಟೆಲ್ ಗೆಳತಿಯರೂ ಕೇಳಿ ಬೆಳೆದದ್ದು ಈ ಅರ್ಧವನ್ನೇ: ಸಂಜೆ ಬಸ್ಸು ತಪ್ಪಿಸಬೇಡ, ಕಾಲೇಜು ದೂರವಾದರೆ ಬಿಟ್ಟುಬಿಡು.

ಸಿನಿಮಾ ಉಳಿದರ್ಧವನ್ನು ಹೇಳಬಹುದಿತ್ತು. 2017ರಲ್ಲಿ ಪುನೀತ್ ಆರ್ಯ ಅವರ ಚಿತ್ರ ಬಂತು, ಹೆಸರು ‘ಸೈಕೋ ಶಂಕರ’. ಅದಕ್ಕೂ ಮುಂಚೆ 2013ರಲ್ಲಿ ಉಮೇಶ್ ರೆಡ್ಡಿಯ ಅಪರಾಧಗಳನ್ನು ಆಧರಿಸಿದ ‘ಖತರ್ನಾಕ್’. 2012ರ ‘ದಂಡುಪಾಳ್ಯ’ ಗೆದ್ದ ಮೇಲಂತೂ ಭಾಗಗಳ ಮೇಲೆ ಭಾಗ. ಹೆಸರುಗಳನ್ನೇ ಗಮನಿಸಿ: ಒಂದರಲ್ಲಿ ಕೊಲೆಗಾರ, ಇನ್ನೊಂದರಲ್ಲಿ ಅವನಿಗೊಂದು ಬಿರುದು, ಮತ್ತೊಂದರಲ್ಲಿ ಗ್ಯಾಂಗಿನ ಊರು. ‘ಸೈಕೋ’ ಎಂಬ ಪದವಂತೂ ಎಲ್ಲರಿಗೂ ಅನುಕೂಲ. ಅವನಿಗೆ ತಲೆ ಕೆಟ್ಟಿತ್ತು ಎಂದುಬಿಟ್ಟರೆ, ಒಬ್ಬಂಟಿ ಹೆಂಗಸನ್ನು ಕಂಡರೆ ಕೈ ಹಾಕಬಹುದು ಎಂಬ ಧೈರ್ಯ ಅವನಿಗೆ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿಲ್ಲ.

‘ಹೊಲದ ಹೆಂಗಸಿನ ಕಥೆಗೆ ಯಾರು ಟಿಕೆಟ್ ತೆಗೆಸುತ್ತಾರೆ?’ ಎನ್ನುತ್ತಾರೆ. 1978ರ ‘ಹ್ಯಾಲೋವೀನ್’ ನೋಡಿ. ಸುಮಾರು 3 ಲಕ್ಷ ಡಾಲರಿನಲ್ಲಿ ಜಾನ್ ಕಾರ್ಪೆಂಟರ್ ತೆಗೆದ ಅದರಲ್ಲೂ ಆಸ್ಪತ್ರೆಯಿಂದ ತಪ್ಪಿಸಿಕೊಂಡ ಕೊಲೆಗಾರನಿದ್ದಾನೆ. ಆದರೆ ನೆನಪಿನಲ್ಲಿ ಉಳಿಯುವವಳು ಹೆಣಿಗೆಸೂಜಿ, ಬಟ್ಟೆ ತೂಗುವ ತಂತಿ ಹಿಡಿದು ಸೆಣಸುವ ಲಾರಿ. ಇಂಥ ಕೊನೆಯ ಹುಡುಗಿಯ ಬಗ್ಗೆ ಕರೋಲ್ ಕ್ಲೋವರ್ 1992ರಲ್ಲಿ ಪುಸ್ತಕವನ್ನೇ ಬರೆದರು. ಸಿನಿಮಾ ಅಧ್ಯಯನದವರು ಇಂದಿಗೂ ಅದನ್ನು ಓದುತ್ತಾರೆ. ಆ ಚಿತ್ರದಲ್ಲಿ ಲಾರಿ ಪಕ್ಕದ ಮನೆಯ ಬಾಗಿಲು ಬಡಿದು ಕೂಗುತ್ತಾಳೆ. ಒಳಗಿನವರು ದೀಪ ಆರಿಸುತ್ತಾರೆ. ಝಳಕಿ ಬಳಿಯ ಆ ಹಳ್ಳಿಯಲ್ಲಿ ಜನ ಓಡಿಬಂದರು. ಹಾಲಿವುಡ್ಡಿಗೂ ಹೊಳೆಯದ ಕೊನೆ ನಮ್ಮ ಹೊಲದಲ್ಲೇ ಬಿದ್ದಿತ್ತು. ಚಿತ್ರೀಕರಣಕ್ಕೆ ಬೇಕಾದದ್ದು ಒಂದು ಎರೆಹೊಲ, ಇಪ್ಪತ್ತು ಜನ, ಮೇ ತಿಂಗಳ ಬಿಸಿಲು. ನಮ್ಮ ಕಡೆ ಬಿಸಿಲಿಗೆ ಬಾಡಿಗೆ ಇಲ್ಲ!

ಹೊಡೆದಾಟ, ಓಟ ಬೇಕೆಂದರೆ ಅದೂ ಇದೆ. 2013ರ ಸೆಪ್ಟೆಂಬರ್ 1ರಂದು ಅವನು ಪರಪ್ಪನ ಅಗ್ರಹಾರ ಜೈಲಿನ ಗೋಡೆ ಹಾರಿ ಮತ್ತೆ ತಪ್ಪಿಸಿಕೊಂಡ. ಕಾಲು ಮುರಿದಿತ್ತು, ಐದು ದಿನಕ್ಕೆ ಜೈಲಿನ ಹತ್ತಿರವೇ ಸಿಕ್ಕ. ಆ ಐದು ದಿನ ಟೀವಿ ತುಂಬ ಗೋಡೆಯ ಎತ್ತರ, ಅವನ ಚಾಲಾಕಿ. ಎರಡು ವರ್ಷದ ಹಿಂದೆ ಅವನನ್ನು ಹಿಡಿಸಿಕೊಟ್ಟಿದ್ದ ಹೆಂಗಸು, ಅವನು ಮತ್ತೆ ಹೊರಗಿದ್ದ ಆ ರಾತ್ರಿಗಳಲ್ಲಿ, ಎಲ್ಲಿ ಮಲಗಿದ್ದಳು? ಬಾಗಿಲಿಗೆ ಅಗುಳಿ ಇತ್ತೇ? ಮರುದಿನ ಹೊಲಕ್ಕೆ ಹೋದಳೇ? 2018ರ ಫೆಬ್ರುವರಿಯಲ್ಲಿ ಅವನು ಜೈಲಿನಲ್ಲಿ ಸತ್ತಾಗ ಬಂದ ವರದಿಗಳಲ್ಲಿ ನಾನು ಓದಿದ್ದರಲ್ಲೆಲ್ಲ ಅವನ ಇಡೀ ಜಾತಕವಿತ್ತು. ಆಕೆಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ಸಾಲು: ‘ಗ್ರಾಮಸ್ಥರು ಹಿಡಿದುಕೊಟ್ಟಿದ್ದರು’.